ಹೊಳೆ ತುಂಬಿದಾಗಲೋ, ಬಂಡೆ ಬಯಲಾದಾಗಲೋ?

ಮಳೆಗಾಲದ ನಡುವೆ ಹೊಸಪೇಟೆಯಿಂದ ವರ್ಷವರ್ಷವೂ ಒಂದೇ ಬಗೆಯ ಸುದ್ದಿ ಬರುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿಯಿತು, ತುಂಗಭದ್ರಾ ಜಲಾಶಯಕ್ಕೆ ಒಳಹರಿವು ಏರಿತು, ಕ್ರಸ್ಟ್ ಗೇಟುಗಳನ್ನು ಎತ್ತಿದರು, ಹಂಪಿಯ ಪುರಂದರ ಮಂಟಪ ಮುಳುಗಿತು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿಗೆ ಮುಗಿಯುವ ಈ ಸುದ್ದಿ ಹಂಪಿಗೆ ಹೊರಡಬೇಕೆಂದಿರುವವರಿಗೆ ಯಾವ ಪ್ರವಾಸಿ ಕೈಪಿಡಿಗಿಂತಲೂ ಹೆಚ್ಚು ಹೇಳುತ್ತದೆ. ಮಂಟಪ ಮುಳುಗಿತೆಂದರೆ ಹರಿಗೋಲು ನಿಂತಿದೆ. ಹರಿಗೋಲು ನಿಂತರೆ ಎದುರಿಗೇ ಕಾಣುವ ಆನೆಗೊಂದಿಗೆ ರಸ್ತೆ ಹಿಡಿದು ಬಳಸಿಯೇ ಹೋಗಬೇಕು. ಹೊಳೆದಂಡೆಯ ಕಲ್ಲುಹಾದಿಯ ತಗ್ಗುಗಳಲ್ಲಿ ನೀರು ನುಗ್ಗಿರುತ್ತದೆ. ಆದರೆ ಅದೇ ವಾರ ಸಂಡೂರಿನ ಬೆಟ್ಟಸಾಲು ಹಸಿರು ಹೊದ್ದು ಮೋಡದೊಳಗೆ ಕೂತಿರುತ್ತದೆ. ಎರಡನ್ನೂ ಒಂದೇ ರಜೆಯಲ್ಲಿ ಹೊಂದಿಸುವುದು ಕಷ್ಟ. ಹಾಗಾಗಿ ಈ ಸೀಮೆಯ ಪ್ರವಾಸವನ್ನು ಕಚೇರಿಯ ರಜೆಪಟ್ಟಿ ಮುಂದಿಟ್ಟುಕೊಂಡು ಗೊತ್ತುಮಾಡುವ ಮೊದಲು ಹೊಳೆಯ ಲೆಕ್ಕ ನೋಡಬೇಕು.

ರೂಢಿಯ ಪ್ರವಾಸ ಹೇಗಿರುತ್ತದೆಂಬುದು ಎಲ್ಲರಿಗೂ ಗೊತ್ತು. ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯುವುದು, ಆಟೊ ಗೊತ್ತುಮಾಡಿ ವಿರೂಪಾಕ್ಷ, ಉಗ್ರನರಸಿಂಹ, ಕಮಲ ಮಹಲ್, ಗಜಶಾಲೆ, ಐವತ್ತು ರೂಪಾಯಿ ನೋಟಿನ ಮೇಲಿರುವ ಕಲ್ಲಿನ ರಥ, ಸಂಜೆಗೆ ಟಿ.ಬಿ. ಡ್ಯಾಂ. ಮಾರನೆಯ ದಿನ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದು ರಾತ್ರಿ ರೈಲಿಗೆ ಓಡುವುದು. ಇದರಲ್ಲಿ ತಪ್ಪೇನಿಲ್ಲ. ಆದರೆ ಕಡ್ಡಿರಾಂಪುರ ದಾಟುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ಏಳುವ ಬಂಡೆಗುಡ್ಡಗಳನ್ನು ಜನ ಆಟೊದ ಕಿಟಕಿಯಿಂದಷ್ಟೇ ನೋಡಿ ಮುಂದೆ ಹೋಗುತ್ತಾರೆ. ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಹಂಪಿಯ ಸ್ಮಾರಕಗಳ ಸಮೂಹವನ್ನು. ಆ ಸ್ಮಾರಕಗಳಿಗೆ ನೆಲೆ ಕೊಟ್ಟ ಬಂಡೆ, ಹೊಳೆ, ಬೆಟ್ಟಗಳಿಗೆ ಟಿಕೆಟ್ಟೂ ಇಲ್ಲ, ಫಲಕವೂ ಇಲ್ಲ, ಅದಕ್ಕೇ ಅವು ಪ್ರವಾಸದ ಯೋಜನೆಯೊಳಗೆ ಬರುವುದೇ ಇಲ್ಲ. ಹಂಪಿಯ ಬಂಡೆರಾಶಿ, ಸಂಡೂರಿನ ಅದಿರಿನ ಬೆಟ್ಟ, ಕಂಪ್ಲಿಯ ಗದ್ದೆಬಯಲು, ಇವಿಷ್ಟೂ ಐವತ್ತು ಕಿಲೊಮೀಟರ್ ಹರವಿನೊಳಗಿವೆ. ನಾಲ್ಕು ದಿನ ಬಿಡುವು ಮಾಡಿಕೊಂಡು ಇವನ್ನೆಲ್ಲ ಒಂದೇ ನೆಲವಾಗಿ ನೋಡಿದರೆ, ಇಷ್ಟು ದೊಡ್ಡ ರಾಜಧಾನಿ ಇಲ್ಲೇ ಏಕೆ ಎದ್ದಿತೆಂಬುದು ಕಣ್ಣಿಗೇ ತಿಳಿಯುತ್ತದೆ.

ಮೊದಲು ಬಂಡೆಯ ವಿಷಯ. ಹಂಪಿಯಲ್ಲಿ ಕಾಣುವ ಗುಲಾಬಿ-ಬೂದು ಬಣ್ಣದ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟ್ ಗ್ರಾನೈಟ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ರಾಮನಗರವನ್ನು ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಅಲ್ಲಿಂದ ಶುರುವಾಗಿ ಹಂಪಿಯ ಉತ್ತರಕ್ಕೂ ಚಾಚುವ ಈ ಶಿಲಾಪಟ್ಟಿಯ ಉದ್ದ ಸುಮಾರು 400 ಕಿಲೊಮೀಟರ್. ‘ಶೋಲೆ’ ಚಿತ್ರದಲ್ಲಿ ಗಬ್ಬರ್ ಸಿಂಗ್ ನಿಂತ ರಾಮನಗರದ ಕಲ್ಲೂ ಹಂಪಿಯ ಮಾತಂಗ ಪರ್ವತದ ಕಲ್ಲೂ ಒಂದೇ ಒಡಲಿನವು. ವಯಸ್ಸು ಸುಮಾರು 250 ಕೋಟಿ ವರ್ಷ. ಅಂದು ಭೂಮಿಯ ಮೇಲೆ ಗಿಡವಿರಲಿಲ್ಲ, ಪ್ರಾಣಿಯಿರಲಿಲ್ಲ. ಕುದಿಯುವ ಶಿಲಾಪಾಕ ಮೇಲಕ್ಕೆ ಉಕ್ಕದೆ ನೆಲದ ಆಳದಲ್ಲೇ ನಿಂತು ನಿಧಾನವಾಗಿ ಆರಿ ಗಟ್ಟಿಯಾಯಿತು. ನಿಧಾನವಾಗಿ ಆರಿದ್ದರಿಂದಲೇ ಅದರೊಳಗಿನ ಹರಳುಗಳು ದಪ್ಪನಾಗಿ ಬೆಳೆದವು. ಹೇಮಕೂಟದ ಹಾಸುಬಂಡೆಯ ಮೇಲೆ ಕೂತು ಕಲ್ಲನ್ನೇ ಹತ್ತಿರದಿಂದ ನೋಡಿದರೆ ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ.

ಹಾಗಾದರೆ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಈ ಗುಂಡುಗಳು ನಿಂತದ್ದು ಹೇಗೆ? ವಾಲಿ-ಸುಗ್ರೀವರ ಕಾಳಗದಲ್ಲಿ ಕಪಿಸೈನ್ಯ ಎಸೆದಾಡಿದ ಕಲ್ಲುಗಳಿವು ಎಂಬುದು ಇಲ್ಲಿನ ಮನೆಮನೆಯ ಕಥೆ. ಭೂಕಂಪದಲ್ಲಿ ಉರುಳಿದವು ಎನ್ನುವವರೂ ಇದ್ದಾರೆ. ವಿಜ್ಞಾನ ಹೇಳುವ ಪ್ರಕಾರ ಬಹುಪಾಲು ಗುಂಡುಗಳು ಎಲ್ಲಿಂದಲೂ ಬಂದವಲ್ಲ, ಹುಟ್ಟಿದ ಜಾಗದಲ್ಲೇ ಇವೆ. ಮೇಲಿದ್ದ ಕಿಲೊಮೀಟರುಗಟ್ಟಲೆ ದಪ್ಪದ ನೆಲ ಕೋಟ್ಯಂತರ ವರ್ಷಗಳಲ್ಲಿ ಸವೆದುಹೋದಂತೆ ಒತ್ತಡ ಇಳಿದು ಗ್ರಾನೈಟ್ ಉಬ್ಬಿತು, ಉದ್ದಕ್ಕೂ ಅಡ್ಡಕ್ಕೂ ಸೀಳುಬಿಟ್ಟಿತು. ಇನ್ನೂ ಮಣ್ಣಿನಡಿಯಲ್ಲಿರುವಾಗಲೇ ಆ ಸೀಳುಗಳೊಳಗೆ ಮಳೆನೀರು ಇಳಿಯಿತು. ನೀರು ತಾಗಿದ ಫೆಲ್ಡ್‌ಸ್ಪಾರ್ ಜೇಡಿಯಾಗುತ್ತದೆ, ಕಲ್ಲು ಗರಸಾಗುತ್ತದೆ. ಚೌಕಾಕಾರದ ತುಂಡಿನ ಮೂಲೆಗೆ ಮೂರು ಕಡೆಯಿಂದ ನೀರಿನ ಪೆಟ್ಟು ಬಿದ್ದರೆ ಅಂಚಿಗೆ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಹೀಗಾಗಿ ಮೂಲೆಗಳು ಮೊದಲು ಕರಗಿ ಒಳಗಿನ ಗಟ್ಟಿ ತಿರುಳು ಉರುಟಾಗಿ ಉಳಿಯಿತು. ಆಮೇಲೆ ಮಳೆ, ಹೊಳೆಗಳು ಗರಸನ್ನು ಕೊಚ್ಚಿಕೊಂಡು ಹೋದವು. ಸುತ್ತಲಿನ ಮೆತ್ತೆ ಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಕೂತವು. ಈಗಲೂ ಹಗಲಿನ ಬಿಸಿಲು ಇರುಳಿನ ತಂಪಿಗೆ ಸಿಕ್ಕಿ ಅವುಗಳ ಮೈ ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿ ಬಿಡುತ್ತಿರುವುದನ್ನು ಮಾಲ್ಯವಂತದ ಇಳಿಜಾರಿನಲ್ಲಿ ನೋಡಬಹುದು. ಆಸ್ಟ್ರೇಲಿಯಾದ ಕಾರ್ಲು ಕಾರ್ಲು ಬಂಡೆಗಳೂ, 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಜಿಂಬಾಬ್ವೆಯ ಮಟೊಬೊ ಬೆಟ್ಟಗಳೂ ಇದೇ ಬಗೆಯಲ್ಲಿ ಆದವು.

ಕಮಲಾಪುರದಿಂದ ಹಂಪಿಗೆ ಬರುವ ದಾರಿಯಲ್ಲಿ ಒಬ್ಬರಿಗೊಬ್ಬರು ಒರಗಿ ನಿಂತಿದ್ದ ‘ಅಕ್ಕ-ತಂಗಿ’ ಬಂಡೆಗಳಲ್ಲಿ ಒಂದು ಒಡೆದು ಬಿದ್ದಿದೆ. ಶಾಶ್ವತವೆಂದು ತೋರುವ ಈ ರಾಶಿಗಳಲ್ಲೂ ಕೆಲಸ ನಡೆಯುತ್ತಲೇ ಇದೆ ಎಂಬುದಕ್ಕೆ ಅದೊಂದು ಗುರುತು.

ಬಂಡೆಯ ಗುಣ ಗೊತ್ತಾದ ಮೇಲೆ ಗುಡಿಗಳನ್ನು ನೋಡುವ ಕಣ್ಣೂ ಬದಲಾಗುತ್ತದೆ. ದಾರಿಬದಿಯ ಎಷ್ಟೋ ಬಂಡೆಗಳ ಮೇಲೆ ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಕೊರೆದ ಚೌಕದ ಗುಳಿಗಳಿವೆ. ವಿಜಯನಗರದ ಕಲ್ಲುಕುಟಿಗರು ಕಲ್ಲು ಸೀಳಲು ಹೊಡೆದ ಬೆಣೆಯ ಗುರುತುಗಳಿವು. ಕೆಲವು ಬಂಡೆಗಳು ಅರ್ಧ ಸೀಳಿ ಹಾಗೇ ನಿಂತಿವೆ, ಕೆಲಸಗಾರರು ಊಟಕ್ಕೆ ಎದ್ದುಹೋದಷ್ಟು ಹೊಸದಾಗಿ ಕಾಣುತ್ತವೆ. ನಗರಕ್ಕೆ ಬೇಕಾದ ಕಲ್ಲನ್ನು ದೂರದಿಂದ ತರಬೇಕಿರಲಿಲ್ಲ. ಕೋಟೆಗೋಡೆ ಕಟ್ಟುವಾಗ ಎರಡು ಗುಡ್ಡಗಳ ನಡುವಿನ ತೆರಪನ್ನಷ್ಟೇ ಮುಚ್ಚಿದರೂ ಸಾಕಾಗುತ್ತಿತ್ತು. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, 6.7 ಮೀಟರ್ ಎತ್ತರದ ನರಸಿಂಹನನ್ನು ಕೆತ್ತಿದ್ದು ಅಲ್ಲೇ ಇದ್ದ ಒಂದೇ ಬಂಡೆಯಲ್ಲಿ. ಅದರ ಪಕ್ಕದ ಬಡವಿಲಿಂಗದ ಬುಡದಲ್ಲಿ ಸದಾ ನೀರು ನಿಂತಿರುವುದಕ್ಕೆ ಕಾರಣ ಪಕ್ಕದಲ್ಲಿ ಹರಿಯುವ ಕಾಲುವೆ. ತುಂಗಭದ್ರೆಗೆ ಒಡ್ಡು ಕಟ್ಟಿ ವಿಜಯನಗರದ ಅರಸರು ತಿರುಗಿಸಿದ ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆತೋಟಗಳಿಗೆ ನೀರುಣಿಸುತ್ತಿದೆ. ಬೋಳು ಬಂಡೆಯ ನಡುವೆ ಕಡುಹಸಿರು ಬಾಳೆ ಕಂಡು ಬೆರಗಾಗುವವರು ಆ ಕಾಲುವೆಯ ಏರಿಯ ಮೇಲೆ ಅರ್ಧ ಗಂಟೆ ನಡೆದುನೋಡಬೇಕು. ಹಂಪಿಯಲ್ಲಿ ಇವತ್ತಿಗೂ ದುಡಿಯುತ್ತಿರುವ ಸ್ಮಾರಕವೆಂದರೆ ಅದೇ.

ಇನ್ನು ಹೊಳೆ. ಇಲ್ಲಿ ಹರಿಯುವ ನೀರಿನ ಬೀಗದ ಕೈ ಹೊಸಪೇಟೆಯ ಅಣೆಕಟ್ಟೆಯಲ್ಲಿದೆ. ಹೈದರಾಬಾದ್ ಮತ್ತು ಮದರಾಸು ಆಡಳಿತಗಳು ಸೇರಿ 1945ರಲ್ಲಿ ಅಡಿಗಲ್ಲಿಟ್ಟ ಈ ಅಣೆಕಟ್ಟೆ 1953ರಲ್ಲಿ ನೀರು ನಿಲ್ಲಿಸಿತು. ಕಟ್ಟಿದಾಗ ಅದರ ಹೊಟ್ಟೆ 133 ಟಿಎಂಸಿ ಅಡಿ ಹಿಡಿಯುತ್ತಿತ್ತು. ಹೂಳು ತುಂಬಿ ಅದೀಗ 105.788ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹರಿಯುತ್ತಿರುವಾಗಲೇ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ವಾರದೊಳಗೆ ಅಲ್ಲಿ ತಾತ್ಕಾಲಿಕ ತಡೆ ಕೂರಿಸಿದ್ದು ಈ ಭಾಗದ ರೈತರು ಎಂದೂ ಮರೆಯದ ಸಾಹಸ. ಅದಾದ ಮೇಲೆ ಹಳೆಯ ಗೇಟುಗಳನ್ನೆಲ್ಲ ಬದಲಿಸುವ ತೀರ್ಮಾನವಾಯಿತು. ಸುರಕ್ಷತೆಗಾಗಿ 2025ರ ಮುಂಗಾರಿನಲ್ಲಿ ಸಂಗ್ರಹವನ್ನು 80 ಟಿಎಂಸಿಯ ಆಸುಪಾಸಿಗೇ ಮಿತಿಗೊಳಿಸಿ ಉಳಿದ ನೀರನ್ನು ಹೊಳೆಗೆ ಬಿಟ್ಟರು. ‘ನಾವು ಹೋದಾಗ ಆಗಸ್ಟಿನಲ್ಲಿ ಹೊಳೆ ಹೀಗಿತ್ತು’ ಎಂಬ ಹಳಬರ ಮಾತನ್ನು ನೆಚ್ಚಿ ಈಗ ಹೊರಡುವಂತಿಲ್ಲ. ಹೊರಡುವ ಹಿಂದಿನ ದಿನದ ಹೊರಹರಿವು ಎಷ್ಟು ಸಾವಿರ ಕ್ಯುಸೆಕ್ ಎಂದು ನೋಡಿಕೊಳ್ಳುವುದೇ ಸರಿ. ಸ್ಥಳೀಯ ಪತ್ರಿಕೆಗಳಲ್ಲಿ ಆ ಅಂಕಿ ಬರುತ್ತಿರುತ್ತದೆ.

ನೀರು ಹದದಲ್ಲಿದ್ದಾಗ ಮಾಡಲೇಬೇಕಾದ ನಡಿಗೆಯೊಂದಿದೆ. ವಿರೂಪಾಕ್ಷ ಬಜಾರಿನ ಕೊನೆಯ ಎದುರು ಬಸವಣ್ಣನಿಂದ ಎಡಕ್ಕೆ ಇಳಿದು ಹೊಳೆಯ ದಂಡೆಗುಂಟ ಕೋದಂಡರಾಮ ದೇವಾಲಯ, ಚಕ್ರತೀರ್ಥ, ಸುಗ್ರೀವನ ಗವಿ ದಾಟಿ ವಿಠ್ಠಲ ದೇವಾಲಯ ತಲುಪುವ ಸುಮಾರು ಎರಡು ಕಿಲೊಮೀಟರ್ ಹಾದಿ. ವಾಹನದಲ್ಲಿ ಬಂದವರು ಗೆಜ್ಜಲ ಮಂಟಪದಿಂದ ಬ್ಯಾಟರಿ ಗಾಡಿ ಹತ್ತಿ ವಿಠ್ಠಲನ ಬಳಿ ಇಳಿಯುವುದರಿಂದ ಈ ಹಾದಿ ಅವರ ಕಣ್ಣಿಗೇ ಬೀಳುವುದಿಲ್ಲ. ಗ್ರಾನೈಟಿನ ಅಡ್ಡಗೋಡೆಗೆ ಎದುರಾದ ಹೊಳೆ ಚಕ್ರತೀರ್ಥದ ಬಳಿ ಉತ್ತರಕ್ಕೆ ಹೊರಳುವುದನ್ನು ಇಲ್ಲಿಂದ ನೋಡಬೇಕು. ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಆನೆಗೊಂದಿಗೆ ದಾಟಲು ಜನ ಬಳಸುತ್ತಿದ್ದ ಬುಟ್ಟಿಯಾಕಾರದ, ಒಳಗೆ ಬೆತ್ತ ಹೊರಗೆ ಚರ್ಮದ ಹೊದಿಕೆಯ ದೋಣಿಗಳನ್ನೂ ಅವು ಸುತ್ತುತ್ತಲೇ ಸಾಗುವುದನ್ನೂ ಬರೆದಿಟ್ಟಿದ್ದಾನೆ. ಇಂದಿನ ಹರಿಗೋಲುಗಳು ಅವುಗಳ ನೇರ ವಂಶ, ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಮತ್ತು ಡಾಂಬರು ಬಂದಿದೆ ಅಷ್ಟೆ. ತಳವಾರಘಟ್ಟದಲ್ಲಿ ಹೊಳೆ ದಾಟಲು ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೇ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತ್ತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂದರೂ, ಪೂರ್ತಿಯಾಗುವ ಮೊದಲೇ 2009ರ ಜನವರಿಯಲ್ಲಿ ಸೇತುವೆ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಈಗ ಆನೆಗೊಂದಿ ಕಡೆಗೆ ಹೋಗುವ ವಾಹನಗಳಿಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆಯ ದಾರಿಯಿದೆ.

ಈ ಹೊಳೆಯ ಇನ್ನೊಂದು ಸಂಪತ್ತಿನ ಬಗ್ಗೆ ಬಂದುಹೋಗುವವರಲ್ಲಿ ಬಹುಮಂದಿಗೆ ಸುಳಿವೇ ಇರುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೊಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ತಾಣ ದೇಶದಲ್ಲಿ ಇದೇ ಮೊದಲು. ಬಂಡೆಯ ಸಂದಿನಲ್ಲಿ ಬಿಲ ಮಾಡಿ, ಗುಂಪಾಗಿ ಮೀನು ಹಿಡಿಯುವ ಈ ಪ್ರಾಣಿ ಹೆಚ್ಚಾಗಿ ಬೆಳಗಿನ ಹೊತ್ತು, ಜನರ ಗದ್ದಲವಿಲ್ಲದ ಕಡೆ ಹೊರಗೆ ಕಾಣಿಸಿಕೊಳ್ಳುತ್ತದೆ. ಮೊಸಳೆಗಳೂ ಇವೆ. ಹೊಳೆಯಲ್ಲಿ ಈಜಬಾರದೆಂಬ ಎಚ್ಚರಿಕೆ ಸುಮ್ಮನೆ ಬರೆದದ್ದಲ್ಲ. ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ಇಕ್ಕಟ್ಟಿನಲ್ಲಿ ಒಳಸೆಳೆತ ಬಲವಾಗಿರುತ್ತದೆ. 2025ರ ಫೆಬ್ರುವರಿಯಲ್ಲಿ ಆನೆಗೊಂದಿ ಕಡೆಯ ಸಣಾಪುರದ ಬಳಿ ಬಂಡೆಯ ಮೇಲಿಂದ ನೀರಿಗೆ ಹಾರಿದ ಪ್ರವಾಸಿಯೊಬ್ಬರು ಗೆಳೆಯರ ಕಣ್ಣೆದುರೇ ಕೊಚ್ಚಿಹೋದರು. ಮರುತಿಂಗಳು ಅದೇ ಸಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆದು ಒಬ್ಬರ ಕೊಲೆಯಾಯಿತು. ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರವಾಯಿತು. ಕತ್ತಲಾದ ಮೇಲೆ ಊರಾಚೆಯ ನೀರಿನ ದಂಡೆ, ಬಂಡೆಗುಡ್ಡಗಳಲ್ಲಿ ಉಳಿಯಬಾರದು. ಮಾತಂಗದ ಮೇಲೆ ಸೂರ್ಯೋದಯ ನೋಡುವ ಆಸೆಯಿದ್ದರೂ ಒಬ್ಬೊಬ್ಬರೇ ಮಬ್ಬಿನಲ್ಲಿ ಹತ್ತದೆ, ಜೊತೆಗಾರರೊಂದಿಗೆ, ದಾರಿ ಬಲ್ಲ ಊರಿನವರೊಂದಿಗೆ ಹೋಗಬೇಕು.

ಹೊರಡುವ ಕಾಲ ಯಾವುದು? ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೊಳೆಯ ವೈಭವ, ಬೆಟ್ಟದ ಹಸಿರು. ಹಂಪಿ ಮಳೆನೆರಳಿನ ಸೀಮೆಯಾದ್ದರಿಂದ ಇಲ್ಲಿ ಹೊಳೆ ಉಕ್ಕುವುದು ಮಲೆನಾಡಿನ ಮಳೆಗೆ. ಮೇಲೆ ಬಿಸಿಲಿದ್ದರೂ ಕೆಳಗೆ ಪ್ರವಾಹವಿರಬಹುದು. ಡಿಸೆಂಬರ್-ಜನವರಿಯಲ್ಲಿ ಬಂಡೆಗಳೆಲ್ಲ ಬಯಲಾಗಿ, ಬಿಸಿಲು ಹಿತವಾಗಿ, ಮಧ್ಯಾಹ್ನವೂ ನಡೆಯಬಹುದು. ಆದರೆ ಜನಜಂಗುಳಿಯೂ ಆಗಲೇ. ವರ್ಷಾಂತ್ಯದ ರಜೆ, ಡಿಸೆಂಬರಿನಲ್ಲಿ ಅಂಜನಾದ್ರಿಗೆ ಬರುವ ಹನುಮಮಾಲಾಧಾರಿಗಳ ಸಾಗರ ಎರಡೂ ಹತ್ತಿರಹತ್ತಿರ ಬರುತ್ತವೆ. ಆ ದಿನಗಳಲ್ಲಿ ಹೊಸಪೇಟೆಯಲ್ಲೂ ಕೋಣೆ ಸಿಗುವುದು ಕಷ್ಟ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಾದ ಬಂಡೆ ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಬಿಸಿ ಉಗುಳುತ್ತದೆ. ಮಕ್ಕಳಿಗೆ ದೊಡ್ಡ ರಜೆ ಬರುವುದು ಏಪ್ರಿಲ್-ಮೇ ತಿಂಗಳಲ್ಲೇ ಎಂಬ ಕಷ್ಟ ನಿಜ. ಹೋಗಲೇಬೇಕಾದರೆ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ನಡೆದು, ನಡುಹಗಲನ್ನು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಇಟ್ಟುಕೊಳ್ಳಬಹುದು. ಶುಕ್ರವಾರ ಅದು ಮುಚ್ಚಿರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದು ಮೊದಲ ಸಲ ಹೊರಟವರಿಗೆ ಜನವರಿಯೇ ಸರಿ. ಹಂಪಿಯನ್ನು ಒಮ್ಮೆ ನೋಡಿದವರು ಮಾತ್ರ ಎರಡನೆಯ ಸಲಕ್ಕೆ ಸೆಪ್ಟೆಂಬರನ್ನು ಬಿಡಬಾರದು.

ಸೆಪ್ಟೆಂಬರ್ ಎಂದೊಡನೆ ಸಂಡೂರು ಬರುತ್ತದೆ. ‘ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಿ’ ಎಂದು ಗಾಂಧೀಜಿ ಹೇಳಿದ್ದರೆಂದು ಆ ಊರಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಿದ್ದರು. ಎರಡು ವರ್ಷ ಮೊದಲೇ, 1932ರಲ್ಲಿ, ಘೋರ್ಪಡೆ ಮನೆತನದ ಈ ಪುಟ್ಟ ಸಂಸ್ಥಾನ ಕುಮಾರಸ್ವಾಮಿ ದೇವಾಲಯದ ಬಾಗಿಲನ್ನು ದಲಿತರಿಗೆ ತೆರೆದಿತ್ತು. ತಿರುವಾಂಕೂರಿನ ಹೆಸರುವಾಸಿ ದೇವಾಲಯ ಪ್ರವೇಶ ಘೋಷಣೆ ಬಂದದ್ದು 1936ರಲ್ಲಿ. ಸಂಡೂರಿನ ಈ ಹೆಜ್ಜೆ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ದೊಡ್ಡದಾಗಿ ಕಾಣಬೇಕಿತ್ತು.

ಹೊಸಪೇಟೆಯಿಂದ ಸುಮಾರು ಮೂವತ್ತು ಕಿಲೊಮೀಟರ್ ದಕ್ಷಿಣಕ್ಕೆ ಬಂದರೆ ನೆಲದ ಬಣ್ಣವೇ ಬೇರೆ. ಗುಂಡುಬಂಡೆಗಳು ಮಾಯವಾಗಿ ಉದ್ದುದ್ದ, ಸಮತಲದ ನೆತ್ತಿಯ ಬೆಟ್ಟಸಾಲುಗಳು ಎದುರಾಗುತ್ತವೆ. ಕಲ್ಲಿನ ಜಾತಿ ಬದಲಾದದ್ದೇ ಇದಕ್ಕೆ ಕಾರಣ. ಸಂಡೂರಿನ ಶಿಲೆಗಳು ಹಂಪಿಯ ಗ್ರಾನೈಟಿಗಿಂತ ಹಳೆಯವು, ಸುಮಾರು 270 ಕೋಟಿ ವರ್ಷದವು. ಪುರಾತನ ಸಮುದ್ರದ ತಳದಲ್ಲಿ ಹರಿದ ಲಾವಾ, ಅದರ ಜೊತೆಗೆ ನೀರಿನಿಂದ ಪದರಪದರವಾಗಿ ಕೆಳಗೆ ಕೂತ ಕಬ್ಬಿಣ, ಮ್ಯಾಂಗನೀಸ್ ಇಲ್ಲಿ ಬೆಟ್ಟವಾಗಿ ನಿಂತಿವೆ. ಈ ಬೆಟ್ಟಗಳ ನಡುವೆ ದೊನ್ನೆಯ ಆಕಾರದ ಕಣಿವೆ, ಕಣಿವೆಯಲ್ಲಿ ಊರು. ಪಶ್ಚಿಮದ ಗಂಡಿಯಲ್ಲಿ ಒಳಬರುವ ನಾರಿಹಳ್ಳ ಪೂರ್ವದ ಗಂಡಿಯಲ್ಲಿ ಬೆಟ್ಟ ಸೀಳಿ ಹೊರಗೆ ಹೋಗಿ ದರೋಜಿ ಕೆರೆ ಸೇರುತ್ತದೆ. ಗೋಡೆಯಂತೆ ಎರಡೂ ಕಡೆ ಎದ್ದ ಬೆಟ್ಟದ ನಡುವೆ ಹಳ್ಳ ನುಸುಳುವ ಆ ಗಂಡಿಗಳಲ್ಲಿ ಮಳೆ ಬಿಟ್ಟ ಮಧ್ಯಾಹ್ನ ನಿಂತರೆ ಬಳ್ಳಾರಿ ಸೀಮೆಯಲ್ಲಿದ್ದೇವೆಂದು ನಂಬುವುದು ಕಷ್ಟ. ತಾರಾನಗರದ ಬಳಿ ಇದೇ ಹಳ್ಳಕ್ಕೆ ಕಟ್ಟಿದ ಜಲಾಶಯವಿದೆ. ಸ್ವಾಮಿಮಲೆಯ ಕಾಡಿನೊಳಗೆ ಕುಮಾರಸ್ವಾಮಿ ದೇವಾಲಯ, ಅದರ ಪಕ್ಕದಲ್ಲೇ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ದೇವಾಲಯ. ವಿಜಯನಗರ ಹುಟ್ಟುವುದಕ್ಕೆ ಆರೇಳು ಶತಮಾನ ಮೊದಲಿನ ಕಟ್ಟಡವಿದು. ಇನ್ನೂ ಮೇಲಿನ ರಾಮಗಡದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯ ಬ್ರಿಟಿಷ್ ಸೈನಿಕರ ಆರೈಕೆಗೆಂದು ಗಿರಿಧಾಮವೇ ಇತ್ತು.

ಈ ಹಸಿರಿನ ನಡುವೆ ಕೆಂಪು ಗಾಯಗಳೂ ಕಾಣುತ್ತವೆ, ಅವನ್ನು ನೋಡದೆ ಬರುವಂತಿಲ್ಲ. ಅಕ್ರಮ ಗಣಿಗಾರಿಕೆಯ ಕುರಿತ ಲೋಕಾಯುಕ್ತ ವರದಿ ಬಂದ 2011ರ ಜುಲೈ ತಿಂಗಳಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಮತ್ತೆ ಅನುಮತಿ ಕೊಟ್ಟಿತು. ದೇವದಾರಿ ಬೆಟ್ಟದಲ್ಲಿ ಹೊಸ ಗಣಿ ಬೇಕೇ ಎಂಬ ಚರ್ಚೆ 2024ರಲ್ಲಿ ಮತ್ತೆ ಜೋರಾಯಿತು. ಇಲ್ಲಿಗೆ ಜನ ಕಾಡು ನೋಡಲು ಬಂದು, ಇಲ್ಲಿನ ಹೋಟೆಲಿನಲ್ಲಿ ಉಳಿದು, ಇಲ್ಲಿನ ಕೈಕಸುಬನ್ನು ಕೊಂಡರೆ ಬೆಟ್ಟ ಬೆಟ್ಟವಾಗಿಯೇ ಉಳಿಯಬೇಕೆನ್ನುವ ಊರಿನವರ ಮಾತಿಗೆ ಬಲ ಬರುತ್ತದೆ. ಕೈಕಸುಬೆಂದರೆ ಲಂಬಾಣಿ ಕಸೂತಿ. ಭೌಗೋಳಿಕ ಸೂಚಕ ಪಡೆದಿರುವ ಸಂಡೂರಿನ ಈ ಕಸೂತಿ, 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1,755 ವಸ್ತುಗಳ ಪ್ರದರ್ಶನದೊಂದಿಗೆ ಗಿನ್ನೆಸ್ ದಾಖಲೆ ಬರೆಯಿತು. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಹೆಂಗಸರು ಹೊಲಿದ ಚೀಲ, ರವಿಕೆ, ಹೊದಿಕೆಗಳನ್ನು ನೇರವಾಗಿ ಕೊಳ್ಳಬಹುದು. ಅದಿರಿನ ಲಾರಿಗಳ ರಸ್ತೆಯಾದ್ದರಿಂದ ಸಂಡೂರಿನಿಂದ ಕತ್ತಲಾಗುವ ಮೊದಲೇ ಹೊರಟರೆ ಒಳ್ಳೆಯದು. ಒಂದು ರಾತ್ರಿ ಅಲ್ಲೇ ಉಳಿಯುವುದು ಇನ್ನೂ ಒಳ್ಳೆಯದು.

ದರೋಜಿ ಕರಡಿಧಾಮಕ್ಕೆ ಒಂದು ಮಧ್ಯಾಹ್ನ ಸಾಕು, ಆದರೆ ಅದು ಮಧ್ಯಾಹ್ನವೇ ಆಗಿರಬೇಕು. ಬೆಳಿಗ್ಗೆ ಹೋದವರು ಬರಿಗೈಯಲ್ಲಿ ಮರಳುತ್ತಾರೆ. 1994ರಲ್ಲಿ ಘೋಷಣೆಯಾಗಿ ಈಗ 82 ಚದರ ಕಿಲೊಮೀಟರ್‌ಗೂ ಹೆಚ್ಚು ಹರಡಿರುವ ಈ ಕುರುಚಲು ಕಾಡಿನಲ್ಲಿ ಕರಡಿಗಳು ಹಗಲೆಲ್ಲ ಬಂಡೆಗಳ ಗವಿಯಲ್ಲಿ ಮಲಗಿದ್ದು ಬಿಸಿಲು ಇಳಿಯುವ ಹೊತ್ತಿಗೆ ಹೊರಬರುತ್ತವೆ. ಹಂಪಿಯ ಬಂಡೆರಾಶಿಗಳೊಳಗಿನ ಅದೇ ಪೊಟರೆಗಳು ಇವಕ್ಕೆ ಮನೆ. ಅರಣ್ಯ ಇಲಾಖೆಯವರು ಎದುರಿನ ಬಂಡೆಗೆ ಬೆಲ್ಲದ ಪಾಕ ಸವರುವುದರಿಂದ ಕರಡಿಕಲ್ಲಿನ ವೀಕ್ಷಣಾ ಗೋಪುರದಲ್ಲಿ ಮಾತಾಡದೆ ಕೂತರೆ ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯನ್ನೂ ನೋಡಬಹುದು. ದುರ್ಬೀನು ಇರಲಿ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಹಳದಿ ಕತ್ತಿನ ಪಿಕಳಾರ ಹಕ್ಕಿಯನ್ನು ನೋಡಲು ಪಕ್ಷಿಪ್ರಿಯರು ಇಲ್ಲಿಗೇ ಬರುತ್ತಾರೆ. ಹಕ್ಕಿಗಳ ಹುಚ್ಚು ಇನ್ನೂ ಹೆಚ್ಚಿದ್ದವರು, 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಮತ್ತೊಂದು ಬೆಳಗನ್ನು ಮೀಸಲಿಡಬೇಕು.

ಯೋಜನೆ ಹಾಕುವಾಗ ನೆನಪಿಡಬೇಕಾದ ಆಡಳಿತದ ವಿಷಯವೊಂದಿದೆ. ಈ ಪುಟ್ಟ ಸೀಮೆ ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿದೆ. ಹೊಸಪೇಟೆ, ಹಂಪಿ, ಕಮಲಾಪುರ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿವೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿವೆ. ಆನೆಗೊಂದಿ, ಅಂಜನಾದ್ರಿ, ಸಣಾಪುರ ಕೊಪ್ಪಳದವು. ಹೊಳೆಯ ಈಚೆ ದಡದಲ್ಲಿ ಹರಿಗೋಲಿಗೆ ಅವಕಾಶವಿದ್ದು ಆಚೆ ದಡದಲ್ಲಿ ನಿರ್ಬಂಧವಿರಬಹುದು. ಉಳಿಯುವ ಮನೆಯ ಪರವಾನಗಿಯನ್ನೂ ಕೇಳಿಕೊಳ್ಳಬೇಕು. ಹಂಪಿಯೆದುರು ಹೊಳೆಯಾಚೆಯ ವಿರುಪಾಪುರಗಡ್ಡಿಯ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2020ರಲ್ಲಿ ನೆಲಸಮವಾದವು. ಸಂರಕ್ಷಿತ ಪ್ರದೇಶದಲ್ಲಿ ಇಂಥ ತೆರವು ಮತ್ತೆ ನಡೆಯುವುದಿಲ್ಲವೆಂದು ಹೇಳಲಾಗದು. ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಭುವನೇಶ್ವರಿ ಇದೆ, ಹೊಸಪೇಟೆಯಲ್ಲಿ ಎಲ್ಲ ದರದ ವಸತಿಗೃಹಗಳಿವೆ. ಬೆಳಗಿನ ತಿಂಡಿಗೆ ಬಸ್ ನಿಲ್ದಾಣದ ಸುತ್ತಲಿನ ಮಂಡಾಳ ಒಗ್ಗರಣೆ-ಮಿರ್ಚಿ, ಮಧ್ಯಾಹ್ನಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹಂಪಿಯೊಳಗೆ ಸೈಕಲ್ ಬಾಡಿಗೆಗೆ ಸಿಗುತ್ತದೆ. ಚಳಿಗಾಲದಲ್ಲಿ ಅದಕ್ಕಿಂತ ಒಳ್ಳೆಯ ವಾಹನವಿಲ್ಲ. ಬಂಡೆ ಏರುವ ಕ್ರೀಡೆಗೆ ಹಂಪಿ ಜಗತ್ತಿನಾದ್ಯಂತ ಹೆಸರಾದದ್ದು, ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿಗೆ ಬಂದು ಬಂಡೆ ಹತ್ತಿದ್ದನ್ನು ತೋರಿಸುವ 2003ರ ‘ಪಿಲ್ಗ್ರಿಮೇಜ್’ ಚಿತ್ರದ ನಂತರ. ಅದರ ಆಸಕ್ತಿಯಿದ್ದವರು ಆನೆಗೊಂದಿ ಕಡೆಯ ಬಂಡೆಗಳಿಗೆ ಹೋಗಬೇಕು, ಸ್ಮಾರಕದ ಗೋಡೆಗೆ ಕೈ ಹಾಕಬಾರದು. 2019ರಲ್ಲಿ ಇಲ್ಲಿನ ಕಂಬ ಉರುಳಿಸಿ ವಿಡಿಯೊ ಹರಿಬಿಟ್ಟ ಯುವಕರಿಗೆ ನ್ಯಾಯಾಲಯ ದಂಡ ಹಾಕಿದ್ದಲ್ಲದೆ ಆ ಕಂಬಗಳನ್ನು ಅವರ ಕೈಯಲ್ಲೇ ಮತ್ತೆ ನಿಲ್ಲಿಸಿತು.

ನಾಲ್ಕನೆಯ ದಿನ ಕಂಪ್ಲಿಗೆ. ಬಹುಮಂದಿ ಪ್ರವಾಸಿಗರ ನಕ್ಷೆಯಲ್ಲೇ ಇಲ್ಲದ ಈ ಊರು ಕಥೆಯಲ್ಲಿ ಹಂಪಿಗಿಂತ ಮೊದಲು ಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿದ್ದ ಚಾಲುಕ್ಯರ ಅರಮನೆಯನ್ನು ಚೋಳ ರಾಜಾಧಿರಾಜ ಕೆಡವಿದ. ಹದಿನಾಲ್ಕನೆಯ ಶತಮಾನದ ಮೊದಲಲ್ಲಿ ಕಂಪಿಲರಾಯ ಇಲ್ಲಿಂದ ಆಳಿದ, ಅವನ ಮಗ ಕುಮಾರರಾಮ ದೆಹಲಿಯ ಸೈನ್ಯದೊಡನೆ ಹೋರಾಡಿದ. ಮುಹಮ್ಮದ್ ಬಿನ್ ತುಘಲಕ್‌ನ ದಂಡಿನೆದುರು ಕಂಪಿಲ ರಾಜ್ಯ ಬಿದ್ದದ್ದು 1327ರ ಹೊತ್ತಿಗೆ. ಹತ್ತು ವರ್ಷ ಕಳೆಯುವ ಮೊದಲೇ, 1336ರಲ್ಲಿ, ಅದೇ ಹೊಳೆಯ ಮೇಲ್ಬದಿಯಲ್ಲಿ ವಿಜಯನಗರ ತಲೆಯೆತ್ತಿತು. ಕುಮಾರರಾಮನ ಕಥೆಯನ್ನು ಬುರ್ರಕಥೆಯಲ್ಲಿ ಇಡೀ ರಾತ್ರಿ ಹಾಡಬಲ್ಲವರಾಗಿದ್ದ ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಓದುಬರಹ ಬಾರದ ಅವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತ್ತು.

ಹೊಳೆದಂಡೆಯ ಕಂಪ್ಲಿ ಕೋಟೆಯಲ್ಲಿ ಹಳೆಯ ಗೋಡೆ, ಗುಡಿಗಳು ಉಳಿದಿವೆ. ಬಂಡೆಗಳ ಇಕ್ಕಟ್ಟಿನಲ್ಲಿ ನುಸುಳಿ ಬಂದ ತುಂಗಭದ್ರೆ ಇಲ್ಲಿ ಅಗಲವಾಗಿ ಹರಡಿ ಭತ್ತ, ಕಬ್ಬು, ಬಾಳೆಯ ಬಯಲನ್ನು ಸಾಕುತ್ತದೆ. ನಾಟಿಯ ಹಸಿರು ನೋಡಲು ಆಗಸ್ಟ್-ಸೆಪ್ಟೆಂಬರ್, ಕೊಯ್ಲು ನೋಡಲು ನವೆಂಬರ್-ಡಿಸೆಂಬರ್ ಬರಬೇಕು. ಜಲಾಶಯದಿಂದ ಲಕ್ಷ ಕ್ಯುಸೆಕ್ ಮೀರಿ ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೇ ಹೊಳೆ ಹರಿದು ಸಂಚಾರ ನಿಂತದ್ದುಂಟು. ಅಂಥ ದಿನ ಕಂಪ್ಲಿ ನೋಡಿದವರು ಗಂಗಾವತಿಯ ಕಡೆ ದಾಟಲು ಹೋಗದೆ ಕಮಲಾಪುರದ ದಾರಿಯಲ್ಲೇ ಹೊಸಪೇಟೆಗೆ ಮರಳಬೇಕು. ಮಧ್ಯಾಹ್ನ ಮೂರರೊಳಗೆ ಕಂಪ್ಲಿ ಬಿಟ್ಟರೆ ರಾತ್ರಿ ರೈಲಿಗೆ ಮೊದಲು ಹೊಸಪೇಟೆಯಲ್ಲಿ ಊಟಕ್ಕೂ ಬಜಾರಿಗೂ ಸಮಯ ಸಿಗುತ್ತದೆ.